ಕಡಿತದ ಕಾರಣ: ಒಂದು ಮೀಮಾಂಸೆ

ವಿಷಯ

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಪಿಟ್‌ಬುಲ್ ಟೆರಿಯರ್, ರಾಟ್‌ವೀಲರ್, ಡೋಗೊ ಅರ್ಜೆಂಟಿನೊ, ಕೇನ್ ಕೊರ್ಸೊ, ಕಂಗಾಲ್, ಟೋಸಾ, ಅಕಿಟಾ ಮೊದಲಾದ 23 ಬಗೆಯ ನಾಯಿಗಳು ಮನುಷ್ಯರ ಜೀವಕ್ಕೆ ಅಪಾಯ, ಅವುಗಳ ಆಮದು, ಮರಿ ಮಾಡಿಸುವಿಕೆ, ಮಾರಾಟ ಯಾವುದಕ್ಕೂ ಪರವಾನಗಿ ಕೊಡಕೂಡದು, ಈಗಾಗಲೇ ಸಾಕಿಕೊಂಡಿರುವವರು ಅವಕ್ಕೆ ಸಂತಾನಹರಣ ಮಾಡಿಸಬೇಕು ಎಂಬುದು ಅದರ ತಾತ್ಪರ್ಯ. ಬೆಂಗಳೂರಿನ ನಾಯಿ ಸಾಕುವವರು ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ವಾರದಲ್ಲೇ ತಡೆ ಕೊಟ್ಟು, ಏಪ್ರಿಲ್ 10ರಂದು ಸುತ್ತೋಲೆಯನ್ನೇ ರದ್ದುಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ ಆದೇಶ ನಿಲ್ಲದು, ಬೇಕಾದರೆ ಕ್ರಮ ಪಾಲಿಸಿ ಮತ್ತೆ ತರಲಿ ಎಂಬುದು ತೀರ್ಪಿನ ಸಾರ.

ಹಾಗಾಗಿ ಕ್ರಮದ ಪ್ರಶ್ನೆ ಮುಗಿಯಿತು, ಮೂಲ ಪ್ರಶ್ನೆ ಹಾಗೇ ಉಳಿಯಿತು. ನಾಯಿ ಕಚ್ಚುವುದಕ್ಕೆ ತಳಿ ಕಾರಣವೇ? ನಾನು ವಿಚಾರಕ್ಕೆ ಎತ್ತಿಕೊಳ್ಳುವುದು ಇದನ್ನೇ. ಉತ್ತರವನ್ನು ಬೆಂಗಳೂರಿನ ನಮ್ಮ ಮತ್ತಿಕೆರೆಯ ಬೀದಿಯಲ್ಲಿ ನಿಂತು ಹುಡುಕಬೇಕೆಂದು ನನ್ನ ಹಟ. ಪುಸ್ತಕದಲ್ಲಿ ಸರಿಯಾಗಿ ಕಾಣುವ ಸಿದ್ಧಾಂತ ಇಲ್ಲಿನ ಅಡ್ಡರಸ್ತೆಗಳಲ್ಲಿ ನಡೆಯದಿದ್ದರೆ, ಅದು ನಮ್ಮ ಮಕ್ಕಳ ಕಾಲನ್ನು ಕಾಯಲಾರದು.

ಸಂಶಯ

ಈ ಊರಿನಲ್ಲಿ ಮೂರು ಥರದ ನಾಯಿಗಳಿವೆ. ಮನೆಯೊಳಗೆ ಸೋಫಾದ ಮೇಲೆ ಮಲಗುವ ಶಿಟ್ಜು, ಪಾಮರೇನಿಯನ್, ಲ್ಯಾಬ್ರಡಾರ್ ಮೊದಲನೆಯವು. ಮೂವತ್ತು–ನಲವತ್ತರ ಸೈಟಿನಲ್ಲಿ ಮೂರು ಅಂತಸ್ತು ಎದ್ದ ಮನೆಗಳ ಮೆಟ್ಟಿಲ ಕೆಳಗೆ, ಬೈಕುಗಳ ನಡುವೆ, ಗೇಟಿಗೆ ಮುಖಮಾಡಿ ಚೈನಿನಲ್ಲಿ ಇರುವ ರಾಟ್‌ವೀಲರ್, ಡಾಬರ್‌ಮನ್, ಅಲ್ಸೇಶಿಯನ್ ಎರಡನೆಯವು. ಮೂರನೆಯವು ಬೀದಿಯವು: ಕೋಳಿ ಅಂಗಡಿಯ ಮುಂದೆ, ಬೇಕರಿಯ ಪಕ್ಕ, ಜೆ.ಪಿ. ಪಾರ್ಕಿನ ಬೇಲಿಯ ಉದ್ದಕ್ಕೆ, ರಾಮಯ್ಯ ಕಾಲೇಜಿನ ಹುಡುಗರು ಇರುವ ಪಿಜಿಗಳ ಕಸದ ಚೀಲದ ಹತ್ತಿರ. ಮೊದಲ ಎರಡನ್ನು ನಮ್ಮ ಜನ ‘ಜಾತಿ ನಾಯಿ’ ಅನ್ನುತ್ತಾರೆ. ಮೂರನೆಯದಕ್ಕೆ ತಳಿಯ ಹೆಸರೇ ಇಲ್ಲ.

ಕಡಿತ ಮೂರರಿಂದಲೂ ಬರುತ್ತದೆ. ಹಾಗಿರುವಾಗ ಕಾರಣ ರಕ್ತದಲ್ಲಿದೆಯೋ, ಸಾಕಿದ ಕೈಯಲ್ಲಿದೆಯೋ, ಆ ಗಳಿಗೆಯ ಸಂದರ್ಭದಲ್ಲಿದೆಯೋ?

ಪೂರ್ವಪಕ್ಷ

ತಳಿಯೇ ಕಾರಣ ಎನ್ನುವವರ ವಾದ ದುರ್ಬಲವಲ್ಲ. ಅದನ್ನು ಪೂರ್ಣಬಲದಲ್ಲಿ ಮಂಡಿಸದೆ ಖಂಡಿಸುವುದು ಅನ್ಯಾಯ.

ಅವರ ಮಾತು ಹೀಗೆ. ತಳಿಯೆಂದರೆ ಮನುಷ್ಯ ತನಗೆ ಬೇಕಾದ ಗುಣವನ್ನು ಆರಿಸಿ ಆರಿಸಿ ತಲೆಮಾರುಗಳಲ್ಲಿ ಗಟ್ಟಿಮಾಡಿದ್ದು. ರಾಟ್‌ವೀಲರ್ ಜರ್ಮನಿಯ ರಾಟ್‌ವೀಲ್ ಪಟ್ಟಣದಲ್ಲಿ ದನ ಅಟ್ಟಿಕೊಂಡು ಹೋಗುತ್ತಿದ್ದ ನಾಯಿ. ಡಾಬರ್‌ಮನ್ನನ್ನು ಹತ್ತೊಂಬತ್ತನೇ ಶತಮಾನದಲ್ಲಿ ಅಪೋಲ್ಡಾ ಎಂಬ ಊರಿನ ತೆರಿಗೆ ವಸೂಲಿಗಾರನೊಬ್ಬ ತನ್ನ ರಕ್ಷಣೆಗೆಂದೇ ರೂಪಿಸಿದ. ಪಿಟ್‌ಬುಲ್ಲಿನ ಪೂರ್ವಜರನ್ನು ಪಂದ್ಯದ ಕಣದಲ್ಲಿ ನಾಯಿಯ ಮೇಲೆ ನಾಯಿ ಬಿಡಲು ಬೆಳೆಸಿದರು. ಕುರಿ ಕಾಯುವ ಕೋಲಿ ಯಾರೂ ಕಲಿಸದೆಯೇ ಮಕ್ಕಳನ್ನು ಸುತ್ತುಹಾಕಿ ಒಟ್ಟುಗೂಡಿಸುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ಹೌಂಡ್ ಓಡುವ ಮೊಲವನ್ನು ಕಂಡರೆ ನಿಲ್ಲದು. ಘೋರ್ಪಡೆ ಅರಸರು ಅದನ್ನು ಪೋಷಿಸಿದ್ದು ಬೇಟೆಗೆ. ಓಟ ರಕ್ತದಲ್ಲಿ ಬರುವುದಾದರೆ, ಸುತ್ತುಹಾಕುವುದು ಬರುವುದಾದರೆ, ಕಚ್ಚುವುದು ಯಾಕೆ ಬರಬಾರದು?

ಈ ಪಕ್ಷಕ್ಕೆ ನಮ್ಮ ನೆಲದ ಸಾಕ್ಷಿಯೂ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949–50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಗಂಗರ ಅರಸ ಬೂತುಗ ಏನು ಬೇಕು ಎಂದಾಗ, ಅವನು ಕೇಳಿಕೊಂಡದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿಯೂ ಸಂದಿತು. ಅರಸನ ಕೊಡುಗೆಯಾಗಿ ಬರಬೇಕಾದರೆ ಕಾಳಿ ಎಲ್ಲ ನಾಯಿಗಳಂಥದ್ದಲ್ಲ ಎಂದೇ ಅರ್ಥವಲ್ಲವೇ ಎಂದು ಪೂರ್ವಪಕ್ಷಿ ಕೇಳಬಹುದು.

ಹುಟ್ಟುಗುಣ ಸುಳ್ಳೆಂದು ಹೇಳುವವರಿಗೆ ಅವನು ರಷ್ಯಾದ ನರಿಗಳನ್ನೂ ತೋರಿಸಬಲ್ಲ. ನೊವೊಸಿಬಿರ್ಸ್ಕ್‌ನಲ್ಲಿ 1959ರಲ್ಲಿ ವಿಜ್ಞಾನಿ ಬೆಲ್ಯಾಯೆವ್ ಆರಂಭಿಸಿದ ಪ್ರಯೋಗದಲ್ಲಿ, ಮನುಷ್ಯರಿಗೆ ಹೆದರದ ನರಿಗಳನ್ನಷ್ಟೇ ಕೂಡಿಸುತ್ತ ಹೋದಾಗ ಕೆಲವೇ ತಲೆಮಾರುಗಳಲ್ಲಿ ಬಾಲ ಆಡಿಸುವ ನರಿಗಳು ಹುಟ್ಟಿದವು. ಉಗ್ರ ನರಿಗಳನ್ನು ಬೇರೆಯಾಗಿ ಕೂಡಿಸಿದಾಗ ಪಂಜರಕ್ಕೆ ಎರಗುವ ಮರಿಗಳು ಬಂದವು. ಸ್ವಭಾವ ವಂಶದಲ್ಲಿ ಹರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪ್ರಮಾಣ ಬೇಡ.

ಸಿದ್ಧಾಂತ

ಯಾವುದನ್ನಾದರೂ ಕಾರಣವೆನ್ನಬೇಕಾದರೆ ಅನ್ವಯ–ವ್ಯತಿರೇಕ ಎರಡೂ ಕೂಡಿಬರಬೇಕು. ಅದು ಇದ್ದಲ್ಲಿ ಕಾರ್ಯ ಇರಬೇಕು, ಇಲ್ಲದಲ್ಲಿ ಇರಬಾರದು. ಮತ್ತಿಕೆರೆಯಲ್ಲಿ ಈ ಪರೀಕ್ಷೆ ಮೊದಲ ಹೆಜ್ಜೆಗೇ ಬೀಳುತ್ತದೆ. ಆಸ್ಪತ್ರೆಗಳಲ್ಲಿ ಚುಚ್ಚುಮದ್ದಿಗೆ ನಿಲ್ಲುವವರಲ್ಲಿ ಬಹುಮಂದಿಯನ್ನು ಕಚ್ಚಿರುವುದು ಬೀದಿನಾಯಿ. 23ರ ಪಟ್ಟಿಯಲ್ಲಿ ಇರಲಿ, ಯಾವ ಪಟ್ಟಿಯಲ್ಲೂ ಅದರ ಹೆಸರಿಲ್ಲ. ತಳಿಯಿಲ್ಲದಲ್ಲಿ ಕಡಿತವಿದೆ. ಇನ್ನೊಂದು ಕಡೆ, ಪಟ್ಟಿಯಲ್ಲಿರುವ ತಳಿಯ ಎಷ್ಟೋ ನಾಯಿಗಳು ಮನೆಯ ಮಗುವಿನ ಕೈಯಿಂದ ರೊಟ್ಟಿ ತಿಂದು ಮುದಿಯಾಗಿ ಸಾಯುತ್ತವೆ. ತಳಿಯಿದ್ದಲ್ಲಿ ಕಡಿತವಿಲ್ಲ.

ಅಂಕಿಗಳೂ ಇದನ್ನೇ ಹೇಳುತ್ತವೆ. 2022ರ ಏಪ್ರಿಲ್‌ನಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದು 18,385 ನಾಯಿಗಳ ನಡತೆಯ ಬಗ್ಗೆ ಸಾಕಿದವರ ಉತ್ತರಗಳನ್ನೂ 2,155 ನಾಯಿಗಳ ಜೀನೋಮನ್ನೂ ಎದುರುಬದುರಿಟ್ಟು ನೋಡಿತು. ನಾಯಿ ನಾಯಿಗಳ ನಡತೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪಾತ್ರ ಸ್ವಲ್ಪ ಹೆಚ್ಚು. ಹೆದರಿಸಿದಾಗ, ಕಿರುಕುಳವಾದಾಗ ಎಷ್ಟು ಬೇಗ ತಿರುಗಿಬೀಳುತ್ತದೆ ಎಂಬ ಗುಣದಲ್ಲಿ ತಳಿಯ ಹೆಸರು ಬಹುತೇಕ ಏನನ್ನೂ ತಿಳಿಸಲಿಲ್ಲ. ನಮಗೆ ಬೇಕಾದದ್ದು ಆ ಕೊನೆಯದೇ.

ಹಾಗಾದರೆ ನರಿಗಳ ಪ್ರಯೋಗ? ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ಸ್ಥಾಪಿಸುವುದು ವಂಶದ ಬಲವನ್ನು, ತಳಿಯ ಬಲವನ್ನಲ್ಲ. ಉಗ್ರ ನರಿ, ಸಾಧು ನರಿ ಎರಡೂ ಒಂದೇ ಬಗೆಯ ನರಿಗಳು. ತಂದೆ ತಾಯಿ ಯಾರು, ಅವುಗಳ ಸ್ವಭಾವ ಹೇಗೆ ಎಂಬುದು ಅಲ್ಲಿ ನಿರ್ಣಾಯಕವಾಯಿತು. ಒಂದು ಪಾಮರೇನಿಯನ್ ಮರಿಯ ತಾಯಿ ಕಂಡವರಿಗೆಲ್ಲ ಹಲ್ಲು ತೋರಿಸುತ್ತಿದ್ದರೆ ಆ ಮರಿಯ ಬಗ್ಗೆ ಎಚ್ಚರವಿರಬೇಕು, ತಳಿಪಟ್ಟಿ ಏನೇ ಹೇಳಲಿ. ಮರಿ ಕೊಳ್ಳಲು ಹೋದವರು ಬಣ್ಣ, ಕಾಗದ, ಬೆಲೆ ಕೇಳುತ್ತಾರೆ. ತಾಯಿಯನ್ನು ತೋರಿಸಿ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಕೇಳಲೇಬೇಕಾದ ಮೊದಲ ಪ್ರಶ್ನೆ ಅದು.

ಕಾಳಿಯ ಕಲ್ಲೂ ಪೂರ್ವಪಕ್ಷಕ್ಕೆ ಪೂರ್ತಿ ಒದಗುವುದಿಲ್ಲ. ಕಾಳಿ ಎರಗಿದ್ದು ಹಂದಿಗೆ, ಬೇಟೆಯ ಹೊತ್ತಿನಲ್ಲಿ. ಬೇಟೆಯ ಕಚ್ಚುವಿಕೆ ಬೇರೆ, ಭಯದ ಕಚ್ಚುವಿಕೆ ಬೇರೆ, ಮರಿ ಕಾಯುವ ತಾಯಿಯ ಕಚ್ಚುವಿಕೆ ಇನ್ನೂ ಬೇರೆ. ಕಚ್ಚುವುದನ್ನು ಒಂದೇ ಗುಣವೆಂದು ಎಣಿಸಿದ್ದೇ ಪೂರ್ವಪಕ್ಷದ ಮೂಲದೋಷ. ಹೊರಗಿನಿಂದ ಹಲ್ಲು ಒಂದೇ, ಒಳಗಿನ ಪ್ರೇರಣೆ ಹಲವು.

ಅವುಗಳಲ್ಲಿ ಭಯ ದೊಡ್ಡದು. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ನಡೆಸಿ 1965ರಲ್ಲಿ ಪುಸ್ತಕವಾಗಿ ತಂದ ಸಂಶೋಧನೆ, ಮರಿಗೆ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗಿನ ಕಾಲ ಎಷ್ಟು ಮುಖ್ಯವೆಂದು ತೋರಿಸಿತು. ಆ ಅವಧಿಯಲ್ಲಿ ಕಂಡು, ಮುಟ್ಟಿ, ಮೂಸಿ ಪರಿಚಯವಾದದ್ದು ಅದರ ಲೋಕಕ್ಕೆ ಸೇರುತ್ತದೆ. ಕಾಣದೇ ಉಳಿದದ್ದು ಮುಂದೆ ಶಂಕೆಯ ವಸ್ತುವಾಗುತ್ತದೆ. ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡಿ ಆಡುವಾಗಲೇ ಮರಿ, ಎಷ್ಟು ಒತ್ತಿದರೆ ನೋವಾಗುತ್ತದೆ ಎಂಬುದನ್ನು ಕಲಿಯುತ್ತದೆ. ನಮ್ಮ ದೇಶದ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮಗಳು (2017) ಎಂಟು ವಾರಕ್ಕೆ ಮೊದಲು ಮರಿ ಮಾರಬಾರದೆನ್ನುತ್ತವೆ. ಆದರೂ ತಿಂಗಳು ತುಂಬಿದ ಮರಿ, ಕಣ್ಣರಳಿಸಿ ನೋಡುವ ಉಣ್ಣೆಯುಂಡೆ, ಕೈಬದಲಾಗುತ್ತದೆ. ತಂದವರು ಪಾರ್ವೊ ಸೋಂಕು ಬರುತ್ತದೆಂದು ಹೊರಗೆ ಬಿಡುವುದಿಲ್ಲ. ಆ ಹೆದರಿಕೆ ಸುಳ್ಳಲ್ಲ. ಆದರೆ ಎತ್ತಿಕೊಂಡು ಮಾರ್ಕೆಟ್ ರಸ್ತೆಯಲ್ಲಿ ಒಂದು ಸುತ್ತು ಹೋಗಬಹುದು. ಗಡ್ಡದವರು, ಹೆಲ್ಮೆಟ್ಟಿನವರು, ಕೋಲೂರಿದ ಅಜ್ಜ, ಆಟೋದ ಸದ್ದು ಎಲ್ಲವನ್ನೂ ತೋಳಲ್ಲಿ ಕೂತೇ ಅದು ನೋಡಬಹುದು. ಅದಾಗದೆ, ಆರು ತಿಂಗಳಿಗೆ ಮೆಟ್ಟಿಲ ಕೆಳಗೆ ಚೈನು ಬಿಗಿದರೆ, ದಿನವೂ ಗೇಟಿನಾಚೆ ಹೋಗುವ ಅಪರಿಚಿತರೆಲ್ಲ ಬೊಗಳಿದ ಕೂಡಲೇ ಓಡಿಹೋದಂತೆ ಅದಕ್ಕೆ ತೋರುತ್ತದೆ. ಸಿಲಿಂಡರ್ ತಂದವನು ತನ್ನ ಪಾಡಿಗೆ ಹೋದದ್ದು ನಾಯಿಯ ಲೆಕ್ಕದಲ್ಲಿ ಅದರ ಗೆಲುವು. ಹೀಗೆ ನೂರಾರು ಸಲ ಗೆದ್ದ ನಾಯಿಯ ಗೇಟು ಒಂದು ದಿನ ತೆರೆದಿರುತ್ತದೆ.

ಇದರ ಮೇಲೆ ನೋವು ಸೇರುತ್ತದೆ. ಕಿವಿಯ ಸೋಂಕು, ಸೊಂಟದ ಕೀಲುನೋವು, ಚೈನು ಉಜ್ಜಿದ ಕುತ್ತಿಗೆಯ ಹುಣ್ಣು ಇವನ್ನು ನಾಯಿ ಹೇಳಲಾರದು. ದೀಪಾವಳಿಯ ಪಟಾಕಿಗೆ ಮೂರು ರಾತ್ರಿ ನಿದ್ದೆಗೆಟ್ಟು, ಮನೆಗೆ ನೆಂಟರು ತುಂಬಿ, ಕಿವಿ ನೋಯುತ್ತಿರುವಾಗ ಮಗುವೊಂದು ಬಂದು ಅದೇ ಕಿವಿ ಹಿಡಿದರೆ, ತುಂಬಿದ ಬಿಂದಿಗೆಗೆ ಅದು ಕೊನೆಯ ಚೊಂಬು. ‘ಸುಮ್ಮಸುಮ್ಮನೆ ಕಚ್ಚಿತು’ ಎಂದು ಮನೆಯವರು ಹೇಳುವುದು ಆ ಕೊನೆಯ ಚೊಂಬನ್ನಷ್ಟೇ ಕಂಡು.

ನಾಯಿ ಮುನ್ಸೂಚನೆ ಕೊಡದೆ ಕಚ್ಚುವುದು ಅಪರೂಪ. ಮೊದಲು ಮುಖ ತಿರುಗಿಸುತ್ತದೆ, ನಿದ್ದೆಯಿಲ್ಲದೆ ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ. ಆಮೇಲೆ ಕಣ್ಣಿನ ಬಿಳುಪು ಕಾಣುವಂತೆ ಓರೆಯಾಗಿ ನೋಡುತ್ತ ಮೈಯೆಲ್ಲ ಸೆಟೆಸಿ ನಿಂತುಬಿಡುತ್ತದೆ. ಆಮೇಲೆ ಗುರುಗುಡುತ್ತದೆ. ಬಾಲ ಆಡುವುದೊಂದೇ ಸ್ನೇಹದ ಗುರುತಲ್ಲ: ಬಿಗಿದ ಬಾಲದ ತುದಿ ಚುರುಕಾಗಿ ಅಲ್ಲಾಡುತ್ತಿದ್ದರೆ ದೂರ ನಿಲ್ಲುವುದೇ ಲೇಸು. ಗುರುಗುಟ್ಟಿದ ನಾಯಿಗೆ ಹೊಡೆಯುವ ಅಭ್ಯಾಸ ನಮ್ಮಲ್ಲಿ ವ್ಯಾಪಕ. ಹೊಡೆತ ತಿಂದ ನಾಯಿಯ ಭಯ ಹೋಗುವುದಿಲ್ಲ, ಗುರುಗುಟ್ಟುವುದಷ್ಟೇ ಹೋಗುತ್ತದೆ. ನಾವೇ ಎಚ್ಚರಿಕೆಯ ಗಂಟೆ ಕಿತ್ತು, ಆಮೇಲೆ ಗಂಟೆ ಬಾರಿಸದೆ ಬಂತೆಂದು ದೂರುತ್ತೇವೆ.

ಆದುದರಿಂದ ಸಿದ್ಧಾಂತವಿದು. ಕಡಿತಕ್ಕೆ ಕಾರಣ ಒಂದಲ್ಲ, ಕಾರಣಗಳ ಸಾಮಗ್ರಿ: ತಂದೆತಾಯಿಯಿಂದ ಬಂದ ಪ್ರಕೃತಿ, ಮೊದಲ ಮೂರು ತಿಂಗಳ ಅನುಭವ, ಕಟ್ಟಿಹಾಕಿದ ಅಥವಾ ಅಡ್ಡಾಡಿಸಿದ ಬದುಕು, ಆ ಹೊತ್ತಿನ ನೋವು–ಹೆದರಿಕೆ, ಎದುರಿನವರ ನಡೆ. ಇವುಗಳಲ್ಲಿ ತಳಿ ಒಂದು ಸಹಕಾರಿ, ಅದೂ ಸಣ್ಣದು. ಕಚ್ಚೀತೇ ಎಂಬ ಪ್ರಶ್ನೆಗೆ ತಳಿ ಉತ್ತರಿಸಲಾರದು. ಕಚ್ಚಿದರೆ ಏನಾದೀತು ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರಿಸುತ್ತದೆ.

ಆಕ್ಷೇಪ–ಪರಿಹಾರ

“ಏನಾದೀತು ಎಂಬುದೇ ಅಲ್ಲವೇ ಮುಖ್ಯ? ಪಾಮರೇನಿಯನ್ ಹತ್ತು ಸಲ ಕಚ್ಚಿದರೆ ಹತ್ತು ಇಂಜೆಕ್ಷನ್, ಪಿಟ್‌ಬುಲ್ ಒಂದು ಸಲ ಕಚ್ಚಿದರೆ ಹೆಣ.”

ಇದು ಅತ್ಯಂತ ಬಲವಾದ ಆಕ್ಷೇಪ, ಇದರಲ್ಲಿ ನಿಜವಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಮನುಷ್ಯರ ಮೇಲೆ ಎರಗುವುದರಲ್ಲಿ ಮುಂದಿದ್ದದ್ದು ಡ್ಯಾಶ್‌ಹೌಂಡ್, ಚಿವಾವಾದಂಥ ಪುಟ್ಟ ನಾಯಿಗಳು. ಅವುಗಳ ಕಡಿತದ ಬಗ್ಗೆ ಯಾರೂ ದೂರು ಕೊಡಲು ಹೋಗುವುದಿಲ್ಲ. 2022ರ ಜುಲೈನಲ್ಲಿ ಲಖನೌದ ವೃದ್ಧೆಯೊಬ್ಬರು ತಮ್ಮ ಮನೆಯ ಪಿಟ್‌ಬುಲ್ಲಿನಿಂದಲೇ ಸತ್ತರು. 2024ರ ಮೇ ತಿಂಗಳಲ್ಲಿ ಚೆನ್ನೈನ ಪಾರ್ಕೊಂದರಲ್ಲಿ ಬೆಲ್ಟಿಲ್ಲದೆ ಬಿಟ್ಟ ಎರಡು ರಾಟ್‌ವೀಲರ್‌ಗಳು ಅಲ್ಲಿನ ಕಾವಲುಗಾರನ ಐದು ವರ್ಷದ ಮಗಳನ್ನು ಕಚ್ಚಿ ತೀವ್ರವಾಗಿ ಗಾಯಗೊಳಿಸಿದವು. ಆ ಮಗುವಿನ ಮುಂದೆ ನಿಂತು ಶೇ. 9ರ ಲೆಕ್ಕ ಹೇಳುವುದು ಕ್ರೌರ್ಯ.

ಆದರೆ ಈ ಆಕ್ಷೇಪದಿಂದ ಸಿದ್ಧಿಸುವುದು ಏನು? ದೇಹ, ದವಡೆ ದೊಡ್ಡದಾದಷ್ಟೂ ಸಾಕಿದವರ ಹೊಣೆ ದೊಡ್ಡದಾಗಬೇಕು ಎಂಬುದು. ಲಾರಿ ಓಡಿಸುವವನಿಗೆ ಬೇರೆ ಲೈಸೆನ್ಸ್ ಕೇಳುತ್ತೇವೆ, ಲಾರಿಯನ್ನು ದುಷ್ಟ ಎನ್ನುವುದಿಲ್ಲ. ಇಂತಿಷ್ಟು ತೂಕ ಮೀರಿದ ಯಾವುದೇ ನಾಯಿ, ತಳಿ ಯಾವುದೇ ಇರಲಿ, ರಸ್ತೆಗೆ ಬಂದರೆ ಗಟ್ಟಿ ಬೆಲ್ಟು, ಜನಸಂದಣಿಯಲ್ಲಿ ಬಾಯಿಕುಕ್ಕೆ, ಹಿಡಿದವರು ಅದನ್ನು ತಡೆಯಬಲ್ಲ ವಯಸ್ಕರು ಎಂದು ವಿಧಿಸಲಿ. ನಾನು ಮನಸಾರೆ ಬೆಂಬಲಿಸುತ್ತೇನೆ. ಚೆನ್ನೈನ ಮಗುವನ್ನು ಆ ಗಾಯದಿಂದ ಕಾಪಾಡಬಹುದಾಗಿದ್ದುದೂ ಎರಡು ಬೆಲ್ಟುಗಳೇ.

“ಅಷ್ಟೆಲ್ಲ ಯಾಕೆ? ನಿಷೇಧಿಸಿದರೆ ಮುಗಿಯಿತು.”

ನಿಷೇಧಿಸಿ ನೋಡಿದ ದೇಶಗಳಿವೆ. ನೆದರ್‌ಲ್ಯಾಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಡಿತ ತಗ್ಗಲಿಲ್ಲವೆಂದು 2008ರಲ್ಲಿ ಕೈಬಿಟ್ಟಿತು. ಬ್ರಿಟನ್ 1991ರಲ್ಲಿ ನಾಲ್ಕು ಬಗೆಗಳನ್ನು ನಿಷೇಧಿಸಿತು. ಮೂರು ದಶಕ ಕಳೆದ ಮೇಲೆ ಐದನೆಯದಾಗಿ ಎಕ್ಸ್‌ಎಲ್ ಬುಲ್ಲಿಯನ್ನು ಸೇರಿಸಬೇಕಾಯಿತು. ಉಗ್ರ ನಾಯಿ ಬೇಕೆನ್ನುವವರು ಇರುವವರೆಗೆ, ಪಟ್ಟಿಯಲ್ಲಿಲ್ಲದ ಹೊಸ ಉಗ್ರ ನಾಯಿ ಹುಟ್ಟುತ್ತಲೇ ಇರುತ್ತದೆ. ನಮ್ಮ ಸುತ್ತೋಲೆಯಲ್ಲಂತೂ ‘ಟೆರಿಯರ್‌ಗಳು’, ‘ಮ್ಯಾಸ್ಟಿಫ್‌ಗಳು’ ಎಂದು ಇಡೀ ಕುಲಗಳನ್ನೇ ಸೇರಿಸಿದ್ದರು. ತೊಡೆಯ ಮೇಲೆ ಕೂರುವ ಯಾರ್ಕ್‌ಷೈರ್ ಟೆರಿಯರ್ ಕೂಡ ಅದರೊಳಗೆ ಬರುತ್ತಿತ್ತು. ಬೆರಕೆ ನಾಯಿಯ ತಳಿಯನ್ನು ಕಣ್ಣಳತೆಯಲ್ಲಿ ಹೇಳುವುದು ಪಶುವೈದ್ಯರಿಗೂ ತಪ್ಪಿಹೋಗುತ್ತದೆ. ವಾರ್ಡಿನ ಸಿಬ್ಬಂದಿ ಯಾವ ಆಧಾರದಲ್ಲಿ ತೀರ್ಮಾನಿಸಬೇಕು?

“ಹೊಣೆ ಹೊರಿಸುವುದಾದರೆ ಯಜಮಾನನಿರಬೇಕು. ಬೀದಿನಾಯಿಗೆ ಯಾರು ಯಜಮಾನ?”

ಇಲ್ಲಿ ನಿಧಾನಿಸಬೇಕು, ಯಾಕೆಂದರೆ ಮತ್ತಿಕೆರೆಯ ಕಡಿತ ಹೆಚ್ಚಾಗಿ ಇದೇ. 2023ರ ಗಣತಿಯಲ್ಲಿ ಆಗಿನ ನಗರಪಾಲಿಕೆ ಬಿಬಿಎಂಪಿ ಎಣಿಸಿದ ಬೀದಿನಾಯಿಗಳು ಸುಮಾರು 2.79 ಲಕ್ಷ, 2019ರಲ್ಲಿ ಅದು 3.10 ಲಕ್ಷವಿತ್ತು. ಸಂತಾನಹರಣದಿಂದ ಸಂಖ್ಯೆ ಇಳಿದಿದೆ, ಸಾಕಷ್ಟು ಇಳಿದಿಲ್ಲ. 2024ರ ಆಗಸ್ಟ್‌ನಲ್ಲಿ, ನಮಗೆ ಕೂಗಳತೆಯ ಜಾಲಹಳ್ಳಿಯ ವಾಯುಪಡೆ ವಸತಿ ಪ್ರದೇಶದಲ್ಲಿ, ಬೆಳಗಿನ ವಾಕಿಂಗ್‌ಗೆ ಹೊರಟ 76 ವರ್ಷದ ಹಿರಿಯರೊಬ್ಬರು ನಾಯಿಗಳ ಗುಂಪಿಗೆ ಸಿಕ್ಕಿ ಸತ್ತರು. 2007ರಲ್ಲಿ ನಗರದ ಇಬ್ಬರು ಮಕ್ಕಳು ಹೀಗೇ ಹೋದರು. ಇವು ಯಾವುದರಲ್ಲೂ ತಳಿಯಿಲ್ಲ, ಗುಂಪಿದೆ. ಒಂಟಿಯಾಗಿ ಬಾಲ ಮುದುರಿಕೊಂಡು ಸರಿಯುವ ನಾಯಿಯೇ ಆರೇಳರ ನಡುವೆ ಬೇರೆ ಪ್ರಾಣಿಯಾಗುತ್ತದೆ. ಮೊದಲನೆಯದು ಎರಗಿದರೆ ಉಳಿದವು ಕಾರಣ ಹುಡುಕುವುದಿಲ್ಲ.

ಗುಂಪು ಕೂಡುವುದು ಯಾವಾಗ? ಕಾರ್ತಿಕ ಮಾಸದ ಆಸುಪಾಸು ಬೆದೆಗೆ ಬಂದ ಹೆಣ್ಣಿನ ಹಿಂದೆ. ಅಲ್ಲಿಂದ ಸುಮಾರು 63 ದಿನಕ್ಕೆ, ಚಳಿಗಾಲದಲ್ಲಿ, ಮರಿ ಹಾಕಿದ ತಾಯಿ ಚರಂಡಿಯ ಚಪ್ಪಡಿ ಕೆಳಗೆ ಇರುತ್ತದೆ. ಅದರ ಮುಂದೆ ಹಾದ ಶಾಲೆಯ ಮಗು ಅದಕ್ಕೆ ಶತ್ರು. ಗುಂಪು ಕೂಡುವ ಇನ್ನೊಂದು ಜಾಗ ಕಸದ ರಾಶಿ, ಕೋಳಿ ಅಂಗಡಿಯ ತ್ಯಾಜ್ಯ. ಸಂತಾನಹರಣ ಬೆದೆಯ ಗುಂಪು, ಮರಿ ಕಾಯುವ ತಾಯಿ ಎರಡನ್ನೂ ತಪ್ಪಿಸುತ್ತದೆ: ಬೆದೆಯೂ ಇಲ್ಲ, ಮರಿಯೂ ಇಲ್ಲ. ಆದರೆ ಬೀದಿಯ ಕೆಲವಕ್ಕಷ್ಟೇ ಮಾಡಿ ಉಳಿದವನ್ನು ಬಿಟ್ಟರೆ ಆ ಉಳಿದವೇ ಮತ್ತೆ ತುಂಬಿಕೊಡುತ್ತವೆ. ಬೀದಿನಾಯಿಗೆ ಯಜಮಾನನಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಆ ಕೆಲಸ ಸ್ಥಳೀಯ ಸಂಸ್ಥೆಯದು. ಮನೆಯ ನಾಯಿಗೆ ಮನೆಯವರು ಹೇಗೋ ಬೀದಿಯ ನಾಯಿಗೆ ನಗರಾಡಳಿತ ಹಾಗೆ.

“ನಾಯಿಪ್ರೇಮಿಗಳು ಅನ್ನ ಹಾಕುವುದರಿಂದಲೇ ಅವು ಕೊಬ್ಬಿವೆ.”

ಅನ್ನ ಹಾಕುವುದು ತಪ್ಪಲ್ಲ, ಹಾಕುವ ಜಾಗ ತಪ್ಪಾಗಬಹುದು. ಶಾಲೆಯ ಗೇಟಿನಲ್ಲಿ, ಬೇರೆಯವರ ಮನೆಬಾಗಿಲಲ್ಲಿ ಹಾಕಿದರೆ ನಾಯಿ ಆ ಜಾಗವನ್ನೇ ಕಾಯತೊಡಗುತ್ತದೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಊಟಕ್ಕೆ ನಿಗದಿತ ಜಾಗ ಗುರುತಿಸಬೇಕೆಂದದ್ದು ಸರಿಯಾಗಿದೆ. ಅದೇ ಆದೇಶ ಸಂತಾನಹರಣ, ಲಸಿಕೆಯಾದ ನಾಯಿಯನ್ನು ಹಿಡಿದಲ್ಲೇ ಬಿಡಬೇಕೆಂದಿತು. ಹುಚ್ಚು ಹಿಡಿದದ್ದನ್ನು, ಎರಗುವ ಸ್ವಭಾವದ್ದನ್ನು ಬಿಡಬಾರದೆಂದಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಹಿಡಿದವನ್ನು ಅಲ್ಲೇ ತಂದು ಬಿಡಬಾರದೆಂದು ಸೇರಿಸಿತು. ನಾಯಿಯನ್ನು ಪ್ರೀತಿಸುವವನಾಗಿ ಹೇಳುತ್ತೇನೆ: ಪದೇ ಪದೇ ಕಚ್ಚಿದ ಆ ಒಂದು ನಾಯಿಯನ್ನು ಬೀದಿಯಿಂದ ತೆಗೆಯಲು ಅಡ್ಡಬರುವವರು ಉಳಿದ ಹತ್ತು ಸಾಧು ನಾಯಿಗಳ ಮೇಲೆ ಜನರ ಕಲ್ಲು ಬೀಳಿಸುತ್ತಾರೆ.

ಹುಚ್ಚಿನ ವಿಷಯ ಈ ಇಡೀ ಚರ್ಚೆಯ ಹೊರಗಿನದು. ರೇಬೀಸ್ ಬಂದ ನಾಯಿಗೆ ಸ್ವಭಾವವೆಂಬುದೇ ಉಳಿದಿರುವುದಿಲ್ಲ, ಕಚ್ಚುವುದು ರೋಗ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದದ್ದು, ನಮ್ಮಿಂದ ಕೆಲವೇ ಕಿಲೋಮೀಟರ್ ದೂರ. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬಾರದು. ಸಾಕಿದ ನಾಯಿ, ಏನಾಗದು ಎಂದು ಸುಮ್ಮನಿರಬಾರದು.

“ನಾಯಿಯ ಮುಖಭಾವ ಓದಿ ಎಂದು ಹೇಳುವುದು ಕಚ್ಚಿಸಿಕೊಂಡವರ ಮೇಲೇ ತಪ್ಪು ಹೊರಿಸಿದಂತಲ್ಲವೇ?”

ಅಲ್ಲ. ಮೂರು ವರ್ಷದ ಮಗು ಓದಲಾರದು, ರಾತ್ರಿ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಬರುವವರಿಗೆ ಅದಕ್ಕೆ ಪುರಸೊತ್ತಿಲ್ಲ. ಓದಬೇಕಾದವರು ನಾಯಿ ಸಾಕಿದವರು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಆರು ತಿಂಗಳವರೆಗೆ ಸೆರೆ, ಐದು ಸಾವಿರದವರೆಗೆ ದಂಡ ಹೇಳುತ್ತದೆ. ಮೂವತ್ತು, ನಲವತ್ತು ಸಾವಿರ ಕೊಟ್ಟು ಮರಿ ತರುವವರಿಗೆ ಐದು ಸಾವಿರ ಏನೂ ಅಲ್ಲ.

“23 ಹೆಸರುಗಳ ಪಟ್ಟಿಯನ್ನು ಗುಮಾಸ್ತ ಜಾರಿಮಾಡಬಲ್ಲ. ನಿಮ್ಮ ಕಾರಣಸಾಮಗ್ರಿಯನ್ನು ಯಾರು ಜಾರಿಮಾಡುತ್ತಾರೆ?”

ಗುಮಾಸ್ತನೇ. ಸಾಕುನಾಯಿಯ ಲೈಸೆನ್ಸ್ ಅರ್ಜಿಯಲ್ಲಿ ತಳಿಯ ಜೊತೆಗೆ ನಾಲ್ಕು ಕಲಂ ಇರಲಿ: ಮರಿ ತಂದಾಗ ಎಷ್ಟು ವಾರ, ಮಾರಿದವರ ನೋಂದಣಿ ಸಂಖ್ಯೆ ಏನು, ಸಂತಾನಹರಣ ಆಗಿದೆಯೇ, ಹಿಂದೆ ಯಾರನ್ನಾದರೂ ಕಚ್ಚಿದೆಯೇ. ಕೊನೆಯದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಮುಂದಿನ ದೊಡ್ಡ ಕಡಿತವನ್ನು ಹಿಂದಿನ ಸಣ್ಣ ಕಡಿತದಷ್ಟು ಸ್ಪಷ್ಟವಾಗಿ ಯಾವ ತಳಿಯ ಹೆಸರೂ ಸೂಚಿಸದು. ಈಗ ನಡೆಯುತ್ತಿರುವುದೇನೆಂದರೆ, ನಾಯಿ ಪಕ್ಕದ ಮನೆಯ ಹುಡುಗನ ಕೈಗೆ ಹಲ್ಲು ತಾಕಿಸುತ್ತದೆ, ಯಜಮಾನರು ಇಂಜೆಕ್ಷನ್ನಿನ ಖರ್ಚು ಕೊಡುತ್ತಾರೆ, ಎರಡು ಮನೆಯವರೂ ಮಾತು ಅಲ್ಲಿಗೇ ಮುಗಿಸುತ್ತಾರೆ. ಆ ಹಲ್ಲಿನ ಗುರುತು ಆಸ್ಪತ್ರೆಯ ಚೀಟಿಯಿಂದ ನೇರ ಲೈಸೆನ್ಸಿನ ಪುಸ್ತಕಕ್ಕೆ ಬರಬೇಕು. ಅಂದಿನಿಂದ ಆ ನಾಯಿಗೆ ಬಾಯಿಕುಕ್ಕೆ ಕಡ್ಡಾಯವಾಗಬೇಕು. ತಿಂಗಳೊಳಗೆ ಪಶುವೈದ್ಯರು ಅದರ ಕಿವಿ, ಹಲ್ಲು, ಕೀಲು ನೋಡಿ ನೋವಿದೆಯೇ ಎಂದು ಬರೆದುಕೊಡಬೇಕು.